ನಿಕಾನ್ ಡಿ40: ಫೋಟೋ ತೆಗಿಯೋಕಲ್ಲ, ಫಿಲ್ಮ್ ರೀಲು ಉಳಿಸೋಕೆ ತಗೊಂಡ ಕ್ಯಾಮೆರಾ

ಹಾಸನದಲ್ಲಿ ಹಳೇ ಕ್ಯಾಮೆರಾ ಮಾರೋ ಒಂದು ಅಂಗಡಿಗೆ ಹೋಗಿ ಡಿ40 ಇದ್ಯಾ ಅಂತ ಕೇಳಿದ್ದಕ್ಕೆ ಅಂಗಡಿಯವ್ರು ನನ್ನ ಮುಖಾನೇ ಒಂದ್ಸಲ ನೋಡಿದ್ರು. "ಸಾರ್ ಇದ್ರಲ್ಲಿ 6 ಮೆಗಾಪಿಕ್ಸೆಲ್ ಅಷ್ಟೇ, ನಿಮ್ ಕೈಲಿರೋ ಫೋನಲ್ಲೇ 50 ಇದ್ಯಲ್ಲ" ಅಂದ್ರು. ಇದ್ರಲ್ಲಿ ಫೋಟೋ ತೆಗಿಯಲ್ಲ ಸಾರ್, ಫಿಲ್ಮ್ ರೋಲ್ ಹಾಕೋ ಹಳೇ ರೀಲ್ ಕ್ಯಾಮೆರಾದಲ್ಲಿ ತೆಗಿಯೋಕೆ ಮುಂಚೆ ಬೆಳಕು ಹೆಂಗೆ ಬೀಳ್ತಿದೆ ಅಂತ ನೋಡ್ಕೊಳೋಕೆ ಬೇಕು ಅಂದೆ. ಇನ್ನೇನೂ ಕೇಳದೆ ಬಿಲ್ ಬರೆದ್ರು. 18-55 ಲೆನ್ಸು, ಎರಡು ಬ್ಯಾಟರಿ, ಚಾರ್ಜರ್, ಜಿಪ್ ಕಿತ್ತೋಗಿರೋ ಬ್ಯಾಗು ಎಲ್ಲಾ ಸೇರಿ 4,500 ರೂಪಾಯಿ. ಎಂಟು ತಿಂಗಳು ಬಳಸಿದೀನಿ, ಈಗ ಬರೀಬೋದು ಅನ್ನಿಸ್ತು.

ಮೊದ್ಲು ರೀಲ್ ಕ್ಯಾಮೆರಾ ಕಥೆ ಹೇಳ್ಬೇಕು ಇಲ್ಲಾಂದ್ರೆ ಅರ್ಥ ಆಗಲ್ಲ. ನಮ್ಮ ದೊಡ್ಡಪ್ಪ ಸ್ಟುಡಿಯೋ ಇಟ್ಟಿದ್ರು, ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಎಲ್ಲಾ. ಅವ್ರ ಯಾಶಿಕಾ ಮ್ಯಾಟ್ 124ಜಿ ನನ್ನ ಕೈಗೆ ಬಂತು, ಎರಡು ಕಣ್ಣಿರೋ ಡಬ್ಬ ಕ್ಯಾಮೆರಾ, ಮೇಲಿಂದ ಬಗ್ಗಿ ನೋಡೋದು. ಅದ್ರಲ್ಲಿ ಬೆಳಕು ಅಳೆಯೋ ಮೀಟರ್ ಇದೆ ಆದ್ರೆ ಅದು ಕೇಳೋದು 1.35 ವೋಲ್ಟಿನ ಪಾದರಸದ ಸೆಲ್ಲು, ಆ ಸೆಲ್ಲು ಈಗ ಎಲ್ಲೂ ಮಾಡಲ್ಲ. ಅದೇ ಸೈಜಿನ 1.5 ವೋಲ್ಟಿನ ಸೆಲ್ಲು ಹಾಕಿದ್ರೆ ಮುಳ್ಳೇನೋ ಕುಣಿಯುತ್ತೆ, ಹೇಳೋದು ಮಾತ್ರ ಸುಳ್ಳು. ಇನ್ನು ಅದಕ್ಕೆ ಹಾಕೋ 120 ಅನ್ನೋ ಫಿಲ್ಮ್ ರೋಲಲ್ಲಿ ಬರೋದೇ 12 ಫೋಟೋ. ರೋಲು, ತೊಳೆಸೋದು, ಸ್ಕ್ಯಾನು, ಬೆಂಗಳೂರಿಗೆ ಕೊರಿಯರ್ ಹೋಗಿ ಬರೋದು ಎಲ್ಲಾ ಕೂಡಿದ್ರೆ ನನಗೆ ಬೀಳೋದು ಒಂದು ಕ್ಲಿಕ್ಕಿಗೆ 150 ರೂಪಾಯಿ ಮೇಲೇನೆ, ಅಂದ್ರೆ ಒಂದು ಫೋಟೋ ಹಾಳಾಯ್ತು ಅಂದ್ರೆ ಎರಡು ಮಸಾಲೆ ದೋಸೆ ಮತ್ತೆ ಕಾಫಿ ಹೋಯ್ತು ಅಂತ ಲೆಕ್ಕ.

ಅದಕ್ಕೇ ಮೊದ್ಲು ಡಿ40ಯಲ್ಲಿ ತೆಗೆದು ಬೆಳಕು ನೋಡ್ಕೊಳೋದು. ಇದೇನು ನಾನು ಕಂಡುಹಿಡಿದಿದ್ದಲ್ಲ ಬಿಡಿ. ದೊಡ್ಡ ದೊಡ್ಡ ಜಾಹೀರಾತಿನ ಫೋಟೋ ತೆಗೆಯೋರು ಮುಂಚೆ ಕ್ಯಾಮೆರಾ ಹಿಂದ್ಗಡೆ ಪೋಲರಾಯ್ಡ್ ಬ್ಯಾಕ್ ಹಾಕಿ ಒಂದು ತೆಗೆದು, ನಿಮಿಷದಲ್ಲಿ ಬಂದ ಪ್ರಿಂಟ್ ನೋಡಿ, ಲೈಟು ಆಚೆ ಈಚೆ ಸರಿಸಿ, ಆಮೇಲೆ ನಿಜವಾದ ಫಿಲ್ಮ್ ಹಾಕ್ತಿದ್ರು. ಪೋಲರಾಯ್ಡ್ ಕಂಪನಿ 2008ರಲ್ಲಿ ಇನ್‌ಸ್ಟಂಟ್ ಫಿಲ್ಮ್ ನಿಲ್ಲಿಸ್ತು, ಆ ಬ್ಯಾಕಿಗೆ ಹಾಕ್ತಿದ್ದ ಫ್ಯೂಜಿಯ ಎಫ್‌ಪಿ-100ಸಿ ಫಿಲ್ಮ್ ಕೂಡ 2016ರಲ್ಲಿ ನಿಂತೋಯ್ತು. ಆ ಜಾಗಕ್ಕೆ ಡಿಜಿಟಲ್ ಕ್ಯಾಮೆರಾ ಬಂತು. ದೊಡ್ಡಪ್ಪನ ಸ್ಟುಡಿಯೋಗೆ ಪೋಲರಾಯ್ಡ್ ಯಾವತ್ತೂ ಬಂದಿದ್ದಿಲ್ಲ, ಅವ್ರ ವಿದ್ಯೆ ಫಿಲ್ಮ್ ಡಬ್ಬಿ ಜೊತೆ ಬರ್ತಿದ್ದ ಚೀಟಿ: ಬಿಸಿಲಿದ್ರೆ ಇಷ್ಟು, ಮೋಡ ಇದ್ರೆ ಇಷ್ಟು. ನಾನು ಎರಡು ಕ್ಯಾಮೆರಾ ನೇತಾಕ್ಕೊಂಡು ಹೊರಟಿದ್ದು ನೋಡಿ ಅವ್ರು ಅಂದಿದ್ದು ಒಂದೇ ಮಾತು, "ಒಂದು ಕೆಲಸಕ್ಕೆ ಇಬ್ಬರು ಆಳೇನೋ?"

ಫೋನಲ್ಲೇ ನೋಡ್ಬೋದಲ್ಲ ಅಂತ ಎಲ್ರೂ ಕೇಳ್ತಾರೆ. ನಾನೂ ಅದನ್ನೇ ಮಾಡ್ತಿದ್ದೆ. ಲೈಟ್ ಮೀಟರ್ ಆಪ್ ನಂಬರ್ ಕೊಡುತ್ತೆ, ತಕ್ಕಮಟ್ಟಿಗೆ ಸರಿಯಾಗೇ ಕೊಡುತ್ತೆ, ಆದ್ರೆ ನಂಬರ್ ಬೇರೆ ಬೆಳಕು ಬೇರೆ. ಫೋನ್ ಕ್ಯಾಮೆರಾ ತೋರಿಸೋ ಚಿತ್ರ ನಂಬೋಕಾಗಲ್ಲ, ಅದು ನಾಕಾರು ಫ್ರೇಮ್ ತೆಗೆದು ಸೇರಿಸಿ ಕತ್ತಲನ್ನ ಎತ್ತಿ ಆಕಾಶನ ಇಳಿಸಿ ಎಲ್ಲಾನೂ ಚಂದ ಮಾಡಿ ತೋರಿಸ್ಬಿಡುತ್ತೆ. ನಮ್ಮ ಫಿಲ್ಮ್ ಅಷ್ಟು ಒಳ್ಳೇದಲ್ಲ. ಡಿ40 2006ರ ನವೆಂಬರಲ್ಲಿ ಬಂದ ಮಾಡೆಲ್, ಅದಕ್ಕೆ ಆ ಬುದ್ಧಿವಂತಿಕೆ ಇಲ್ಲ, ಕತ್ತಲಿದ್ರೆ ಕತ್ತಲು ಅಂತಾನೇ ತೋರಿಸುತ್ತೆ, ನನಗೆ ಬೇಕಾಗಿರೋದೂ ಅದೇ.

ಅಜ್ಜಿ ಫೋಟೋದಲ್ಲಿ ಇದು ಗೊತ್ತಾಯ್ತು. ಊರ ಮನೆ ಅಡುಗೆಮನೆ, ಒಂದು ಸಣ್ಣ ಕಿಟಕಿ, ಸೌದೆ ಒಲೆ, ಗೋಡೆ ಪೂರಾ ಹೊಗೆ ಹಿಡಿದು ಕಪ್ಪು. ಅಜ್ಜಿ ಕಡುಬಿಗೆ ಹಿಟ್ಟು ತಿರುವ್ತಾ ಕೂತಿದ್ರು. ಆಪಲ್ಲಿ ನೋಡಿದ್ರೆ ಐಎಸ್‌ಒ 400ಕ್ಕೆ (ಫಿಲ್ಮ್ ಎಷ್ಟು ಬೇಗ ಬೆಳಕು ಹಿಡಿಯುತ್ತೆ ಅನ್ನೋ ನಂಬರ್) ಎಫ್4 (ಲೆನ್ಸಿನ ಕಿಂಡಿ ಎಷ್ಟು ತೆರೀಬೇಕು ಅನ್ನೋದು), ಶಟರ್ ಸೆಕೆಂಡಿನ 1/30 ಅಂತ ಬಂತು. ನಾನು ಬರೀ ಅದನ್ನ ನಂಬಿ ಯಾಶಿಕಾದಲ್ಲಿ ಒತ್ತಿದ್ದಿದ್ರೆ ಆಗ್ತಿದ್ದಿದ್ದು ಏನಂದ್ರೆ, ಕಿಟಕಿ ಕಡೆ ಕೆನ್ನೆ ಸರಿಯಾಗಿ ಬಂದು ಈ ಕಡೆ ಅರ್ಧ ಮುಖ ಗೋಡೆ ಜೊತೆ ಸೇರಿ ಕಾಣೆ. ಡಿ40ಯಲ್ಲಿ ಅದೇ ನಂಬರ್ ಹಾಕಿ ಒಂದು ತೆಗೆದೆ, ಸ್ಕ್ರೀನಲ್ಲಿ ಕಂಡಿದ್ದು ಅದೇ: ಅರ್ಧ ಅಜ್ಜಿ. ಕಣ್ಣಿಗೆ ಹಂಗೆ ಕಾಣ್ತಾ ಇರಲಿಲ್ಲ, ಕಣ್ಣು ಕತ್ತಲಿಗೆ ಹೊಂದ್ಕೊಂಡ್ಬಿಟ್ಟಿರುತ್ತಲ್ಲ. ಹಿತ್ತಲ ಬಾಗಿಲು ತೆಗೆದೆ, ಬಾಗಿಲ ಹತ್ರ ಒಂದು ಕುರ್ಚಿ ಮೇಲೆ ತಾತನ ಬಿಳೀ ಪಂಚೆ ಹರಡಿದೆ, ಮತ್ತೊಂದು ತೆಗೆದೆ, ಇನ್ನೂ ಸಾಲ್ದು, ಕುರ್ಚಿ ಎರಡಡಿ ಮುಂದೆ ತಂದೆ. ಈಗ ಕತ್ತಲು ಕಡೆ ಕೆನ್ನೆಯ ಸುಕ್ಕು ಕಾಣೋಕೆ ಶುರುವಾಯ್ತು, ಹಂಗಂತ ನೆರಳು ಪೂರ್ತಿ ಹೋಗೂ ಇಲ್ಲ. ಅಷ್ಟೊತ್ತಿಗೆ "ಎಷ್ಟು ಸಲ ಟಿಕ್ ಅನ್ನಿಸ್ತೀಯೋ ಮಗಾ, ಹಿಟ್ಟು ತಳ ಹಿಡಿಯುತ್ತೆ" ಅಂತ ಬೈಸ್ಕೊಂಡೂ ಆಯ್ತು. ಆಮೇಲೆ ಯಾಶಿಕಾದಲ್ಲಿ ಒಂದೇ ಒಂದು ಫ್ರೇಮ್. ಬಂದ ನೆಗೆಟಿವ್ ಇವತ್ತಿಗೂ ನನ್ನ ಹತ್ರ ಇರೋದ್ರಲ್ಲಿ ಒಳ್ಳೇದು.

ಇದ್ರಲ್ಲಿ ಇನ್ನೊಂದು ತಮಾಷೆ ಇದೆ. ಅಜ್ಜಿ ತೋರ್ಸು ಅಂದ್ರು, ಡಿ40 ಸ್ಕ್ರೀನ್ ತೋರಿಸಿದೆ, ನೋಡಿ ಖುಷಿಯಾಗಿ "ಇದ್ರಲ್ಲೇ ಬಂತಲ್ಲ, ಮತ್ತೆ ಆ ಡಬ್ಬ ಯಾಕೆ?" ಅಂದ್ರು. ಉತ್ತರ ನನ್ನ ಹತ್ರ ಇರಲಿಲ್ಲ, ಈಗಲೂ ಇಲ್ಲ.

ಈಗ ಸೆಟಿಂಗ್ ವಿಷಯ, ಇಲ್ಲೇ ಎಲ್ರೂ ಎಡವೋದು. ಮೋಡ್ ಎಮ್‌ನಲ್ಲೇ, ಅಂದ್ರೆ ಮ್ಯಾನುಯಲಲ್ಲೇ ಇರ್ಬೇಕು, ಫಿಲ್ಮ್ ಕ್ಯಾಮೆರಾದಲ್ಲಿ ಏನು ಹಾಕ್ತೀರೋ ಅದೇ ಅಪರ್ಚರ್ (ಎಫ್ ನಂಬರ್), ಅದೇ ಶಟರ್ ಸ್ಪೀಡು. ಮೆನುಗೆ ಹೋಗಿ ಐಎಸ್‌ಒ ಆಟೋ ಆಫ್ ಮಾಡ್ಬೇಕು. ಡಿ40ಯಲ್ಲಿ ಐಎಸ್‌ಒ ಶುರುವಾಗೋದೇ 200ರಿಂದ, ಆಮೇಲೆ 400, 800, 1600, ಮಧ್ಯದ ನಂಬರ್ ಯಾವ್ದೂ ಇಲ್ಲ. ಕೊಡಾಕ್ ಗೋಲ್ಡ್ 200, ಇಲ್ಫರ್ಡ್ ಎಚ್‌ಪಿ5 400, ಪೋರ್ಟ್ರಾ 400 ಫಿಲ್ಮ್ ಹಾಕೋರಿಗೆ ನೇರ ಹೊಂದುತ್ತೆ. ಎಕ್ಟಾರ್ 100 ಹಾಕೋರು 200ರಲ್ಲಿ ನೋಡಿ ಫಿಲ್ಮಲ್ಲಿ ಒಂದು ಸ್ಟಾಪ್ ಜಾಸ್ತಿ, ಅಂದ್ರೆ ಎರಡರಷ್ಟು ಬೆಳಕು ಕೊಡ್ಬೇಕು, ಪೋರ್ಟ್ರಾ 160 ಆದ್ರೆ ಮೂರನೇ ಒಂದು ಸ್ಟಾಪು. ಲೆಕ್ಕ ದೊಡ್ಡದಲ್ಲ, ಆದ್ರೆ ಮದುವೆ ಮನೇಲಿ ಯಾರೋ "ಬೇಗ ತೆಗಿಯಪ್ಪ ಹೆಣ್ಣಿನ ಕಡೆಯವ್ರು ಕಾಯ್ತಿದಾರೆ" ಅಂತಿರೋವಾಗ ಅದೂ ಮರ್ತೋಗುತ್ತೆ. ಹಿಂದಿನ ರಾತ್ರಿ 800ಕ್ಕೆ ಇಟ್ಟಿದ್ದನ್ನ ಬೆಳಿಗ್ಗೆ ನೋಡದೆ 400ರ ಫಿಲ್ಮಿಗೆ ಲೆಕ್ಕ ಹಾಕಿ ಒಂದಿಡೀ ರೋಲಿಗೆ ಒಂದು ಸ್ಟಾಪ್ ಬೆಳಕು ಕಮ್ಮಿ ಕೊಟ್ಟಿದೀನಿ. ತಪ್ಪು ಪೂರ್ತಿ ನಂದೇ. ಅವತ್ತಿಂದ ಯಾಶಿಕಾ ಬೆನ್ನಿಗೆ ಫಿಲ್ಮ್ ಡಬ್ಬಿ ರಟ್ಟು ಹರಿದು ಅಂಟಿಸ್ಕೊಂಡಿರ್ತೀನಿ.

ಬೆಳಕಿನ ಬಣ್ಣ ಸರಿ ಮಾಡೋ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಇಡ್ಲೇಬಾರ್ದು. ಸೂರ್ಯನ ಗುರುತಿರೋ ಡೈರೆಕ್ಟ್ ಸನ್‌ಲೈಟಿಗೆ ಇಟ್ಟು ಮರ್ತ್‌ಬಿಡಿ, ಯಾಕಂದ್ರೆ ಹಗಲು ಬೆಳಕಿಗೆ ಅಂತ ಮಾಡಿರೋ ಡೇಲೈಟ್ ಫಿಲ್ಮ್ ಬೆಳಕಿಗೆ ತಕ್ಕಂಗೆ ಬಣ್ಣ ಸರಿ ಮಾಡ್ಕೊಳಲ್ಲ. ಚಿಕ್ಕಮಗಳೂರಲ್ಲಿ ಒಂದು ಕಲ್ಯಾಣ ಮಂಟಪ, ಸ್ಟೇಜಲ್ಲಿ ಹಳದಿ ಬಲ್ಬು, ಊಟದ ಹಾಲಲ್ಲಿ ಬಿಳೀ ಎಲ್‌ಇಡಿ, ಬಾಗಿಲಿಂದ ಹಗಲು ಬೆಳಕು. ಆಟೋದಲ್ಲಿ ಎಲ್ಲಾ ಚೆನ್ನಾಗೇ ಕಂಡಿತ್ತು, ಸನ್‌ಲೈಟಿಗೆ ತಿರುಗಿಸಿದ ತಕ್ಷಣ ಮದುಮಗ ಕಿತ್ತಳೆ ಹಣ್ಣಾಗೋದ. ನೀಲಿ 80ಎ ಫಿಲ್ಟರ್ ಹಾಕಿದ್ರೆ ಬಣ್ಣ ಸರಿಯಾಗುತ್ತೆ ಆದ್ರೆ ಅದು ಎರಡು ಸ್ಟಾಪ್ ಬೆಳಕು ತಿಂದಾಕುತ್ತೆ, ಆ ಹಾಲಲ್ಲಿ ಅಷ್ಟು ಬೆಳಕು ಎಲ್ಲಿಂದ ತರೋಣ. ಕಲರ್ ರೋಲ್ ಬ್ಯಾಗಲ್ಲೇ ಉಳೀತು, ಬ್ಲಾಕ್ ಅಂಡ್ ವೈಟ್ ಫಿಲ್ಮ್ ಎಚ್‌ಪಿ5 ಹಾಕಿದೆ. ಡಿ40ಯಲ್ಲೂ ಬ್ಲಾಕ್ ಅಂಡ್ ವೈಟ್ ಆಯ್ಕೆ ಇದೆ, ಅದಕ್ಕೆ ತಿರುಗಿಸಿ ನೋಡಿದ್ರೆ ಕೆಂಪು ಸೀರೆ ಹಸಿರು ಬ್ಲೌಸು ಎರಡೂ ಒಂದೇ ಬೂದಿ ಬಣ್ಣ ಆಗ್ತವಾ ಅಂತ ಅಂದಾಜು ಸಿಗುತ್ತೆ.

ಫ್ಲಾಶ್ ಬಳಸೋರಿಗೆ ಅಂತೂ ಇದು ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಫೋನಿನ ಆಪ್ ಫ್ಲಾಶ್ ಬೆಳಕು ಅಳೆಯಲ್ಲ, ಫ್ಲಾಶ್ ಮೀಟರ್ ಹೊಸದು ತಗೊಳೋಕೆ ಹೋದ್ರೆ ಈ ಕ್ಯಾಮೆರಾದಂಥವು ಎಷ್ಟು ಬರ್ತವೋ. ಡಿ40 ಶಟರ್ ಸ್ಪೀಡು 1/500 ತನಕ ಫ್ಲಾಶ್ ಜೊತೆ ಸಿಂಕ್ ಆಗುತ್ತೆ, ಅಂದ್ರೆ ತಾಳೆ ಆಗುತ್ತೆ, ಆಮೇಲೆ ಬಂದ ಎಷ್ಟೋ ಜಾಸ್ತಿ ರೇಟಿನ ಕ್ಯಾಮೆರಾಗಳು 1/200, 1/250ಕ್ಕೇ ನಿಲ್ತವೆ. ಯಾಶಿಕಾದ್ದು ಲೆನ್ಸ್ ಒಳಗಿರೋ ಲೀಫ್ ಶಟರ್, ಅದೂ ಎಲ್ಲಾ ಸ್ಪೀಡಲ್ಲೂ ಸಿಂಕ್ ಆಗುತ್ತೆ. ಹಿಂಗಾಗಿ ಮಧ್ಯಾಹ್ನದ ಬಿಸಿಲಲ್ಲಿ ಮರದ ನೆರಳಲ್ಲಿ ನಿಂತೋರಿಗೆ ಫ್ಲಾಶ್ ಹಾಕೋವಾಗ, ಎರಡರಲ್ಲೂ 1/250 ಇಟ್ಟು, ಡಿ40ಯಲ್ಲಿ ಟ್ರೈ ಮಾಡಿ ಫ್ಲಾಶ್ ಪವರ್ ಏರಿಸಿ ಇಳಿಸಿ, ಸರಿ ಅನ್ನಿಸಿದ ಮೇಲೆ ಫ್ಲಾಶ್ ಹೊಡೆಸೋ ಟ್ರಿಗರ್ ತೆಗೆದು ಯಾಶಿಕಾ ವೈರಿಗೆ ಸಿಗಿಸಿದ್ರೆ ಆಯ್ತು. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಸಂದಿಯಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತಲ್ಲ, ಮೂಗಿನ ಮೇಲೆ ಒಂದು ಬಿಳೀ ಮಚ್ಚೆ, ಕಣ್ಣು ಗುಳಿ, ಅಂಥ ಕಡೆ ಇದು ದೇವರು ಕೊಟ್ಟಂಗೆ.

ಇನ್ನು ಡಿ40 ನನ್ನ ದಾರಿ ತಪ್ಪಿಸಿದ ಕಥೆ. ಮೊದಲನೇ ರೋಲು ಶೆಟ್ಟಿಹಳ್ಳಿ ಚರ್ಚಿಗೆ ತಗೊಂಡೋಗಿದ್ದೆ. ಗೊತ್ತಿಲ್ದೇ ಇರೋರಿಗೆ: ಹೇಮಾವತಿ ಹಿನ್ನೀರಲ್ಲಿ ಮಳೆಗಾಲದಲ್ಲಿ ಮುಳುಗಿ ಬೇಸಿಗೇಲಿ ಎದ್ದು ನಿಲ್ಲೋ, ಸೂರಿಲ್ಲದ ಹಳೇ ಚರ್ಚು, 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಒಳಗೆ ನಿಂತು ಕಮಾನಿನ ಮೂಲಕ ಆಕಾಶ ಬರೋ ಹಂಗೆ ಫ್ರೇಮ್ ಇಟ್ಟೆ. ಡಿ40ಯಲ್ಲಿ ಆಕಾಶ ಪೂರ್ತಿ ಮಿಣುಕು ಮಿಣುಕು ಅಂತಿತ್ತು, ಬಿಳೀ ಸುಟ್ಟೋಗಿದೆ ಅಂತ ಎಚ್ಚರಿಕೆ ಅದು. ಡಿಜಿಟಲ್ ಅಭ್ಯಾಸ, ಮಿಣುಕೋದು ನಿಲ್ಲೋ ತನಕ ಇಳಿಸಿದೆ, ಎರಡು ಸ್ಟಾಪ್ ಹತ್ರ ಇಳೀತು, ಆಕಾಶದಲ್ಲಿ ಮೋಡ ಬಂತು, ಸಕ್ಕತ್ತಾಗಿದೆ ಅಂತ ಅದೇ ನಂಬರಲ್ಲಿ 12ಕ್ಕೆ 12 ಹೊಡೆದೆ. ತೊಳೆದು ಬಂದ ನೆಗೆಟಿವ್‌ನ ದೊಡ್ಡಪ್ಪ ಕಿಟಕಿಗೆ ಹಿಡಿದು ನೋಡಿ "ಇದ್ರಲ್ಲಿ ಏನೂ ಇಲ್ವಲ್ಲೋ, ಮಜ್ಜಿಗೆ ನೀರು ಇದ್ದಂಗಿದೆ" ಅಂದ್ರು. ಗೋಡೆಯ ಇಟ್ಟಿಗೆ, ಗಾರೆ, ಕಮಾನಿನ ಒಳಮೈ ಎಲ್ಲಾ ಖಾಲಿ, ಸ್ಕ್ಯಾನಲ್ಲಿ ಎತ್ತಿದ್ರೆ ಬರೀ ಕಾಳು ಕಾಳು.

ಕಾರಣ ಸುಲಭ, ಆದ್ರೆ ದುಡ್ಡು ಕಳ್ಕೊಳೋ ತನಕ ತಲೆಗೆ ಹತ್ತಲ್ಲ. ನೆಗೆಟಿವ್ ಫಿಲ್ಮಲ್ಲಿ ಬೆಳಕು ಬಿದ್ದ ಕಡೆ ದಟ್ಟ ಆಗುತ್ತೆ, ಜಾಸ್ತಿ ಬಿದ್ರೆ ಇನ್ನೂ ದಟ್ಟ ಆಗುತ್ತೆ ಅಷ್ಟೇ, ಎರಡು ಮೂರು ಸ್ಟಾಪ್ ಜಾಸ್ತಿಯಾದ್ರೂ ಅದ್ರೊಳಗಿನ ವಿವರ ತೆಗೀಬೋದು. ಬೆಳಕೇ ಬೀಳದ ಕಡೆ ಏನೂ ಅಚ್ಚಾಗಿರಲ್ಲ, ಇಲ್ಲದ್ದನ್ನ ಯಾವ ಲ್ಯಾಬೂ ಕೊಡಲ್ಲ. ಡಿಜಿಟಲ್ ಇದಕ್ಕೆ ಪೂರಾ ಉಲ್ಟಾ, ನೆರಳು ಎತ್ತಬೋದು, ಸುಟ್ಟ ಬಿಳೀ ವಾಪಸ್ ಬರಲ್ಲ. ಹಂಗಾಗಿ ನಾನೀಗ ಡಿ40ಯ ಹಿಸ್ಟೋಗ್ರಾಮಲ್ಲಿ (ಎಡಗಡೆ ಕತ್ತಲು, ಬಲಗಡೆ ಬೆಳಕು ಎಷ್ಟಿದೆ ಅಂತ ತೋರಿಸೋ ನಕ್ಷೆ) ಬಲಗಡೆ ನೋಡೋದೇ ಬಿಟ್ಟಿದೀನಿ, ಎಡಗಡೆ ಗೋಡೆಗೆ ಒತ್ತಿ ನಿಂತಿದ್ರೆ ಬೆಳಕು ಸಾಲ್ತಿಲ್ಲ ಅಂತ ಅರ್ಥ, ಆಕಾಶ ಮಿಣುಕಿದ್ರೆ ಮಿಣುಕ್ಲಿ. ಎಕ್ಟಾಕ್ರೋಮ್ ತರದ ಸ್ಲೈಡ್ ಫಿಲ್ಮ್ (ನೆಗೆಟಿವ್ ಅಲ್ಲ, ನೇರ ಚಿತ್ರಾನೇ ಬರೋದು) ಹಾಕೋರಿಗೆ ಮಾತ್ರ ಈ ಮಾತು ಬೇಡ, ಅದು ಡಿಜಿಟಲ್ ತರಾನೇ, ಬಿಳೀ ಹೋದ್ರೆ ಹೋಯ್ತು. ಸ್ಕ್ರೀನಿನ ಚಿತ್ರನೂ ಬರೀ ಕಣ್ಣಲ್ಲಿ ನೋಡಿ ತೀರ್ಮಾನ ಮಾಡ್ಬೇಡಿ, ಬಿಸಿಲಲ್ಲಿ ಕತ್ತಲಾಗಿ ಕಾಣುತ್ತೆ, ಕೋಣೇಲಿ ಝಗಮಗ ಅನ್ನುತ್ತೆ. ಚಿತ್ರ ನೋಡೋದು ನೆರಳು ಎಲ್ಲಿದೆ ಅಂತ ತಿಳ್ಕೊಳೋಕೆ, ಎಷ್ಟಿದೆ ಅನ್ನೋಕೆ ಹಿಸ್ಟೋಗ್ರಾಮ್.

ಮುಳ್ಳಯ್ಯನಗಿರಿಗೆ ಇದನ್ನ ತಗೊಂಡೋಗಿದ್ದು ದಂಡ. ಮಂಜಿಗೆ ಮೀಟರ್ ಮೋಸ ಹೋಗುತ್ತೆ, ಬಿಳೀದನ್ನೆಲ್ಲಾ ಬೂದಿ ಮಾಡೋಕೆ ನೋಡುತ್ತೆ, ಒಂದು ಸ್ಟಾಪ್ ಜಾಸ್ತಿ ಕೊಡ್ಬೇಕು, ಇಷ್ಟು ಡಿ40 ಸರಿಯಾಗೇ ತೋರಿಸ್ತು. ಆದ್ರೆ ನಾನು ಡಿ40 ಕೆಳಗಿಟ್ಟು, ಯಾಶಿಕಾ ಮುಚ್ಚಳ ತೆಗೆದು, ಬಗ್ಗಿ ಫೋಕಸ್ ಮಾಡೋ ಹೊತ್ತಿಗೆ ಮಂಜು ಸರಿದು ಬಿಸಿಲು ಬಂದಿತ್ತು, ಮತ್ತೆ ಡಿ40 ಎತ್ಕೊಂಡ್ರೆ ಮತ್ತೆ ಮಂಜು. ಹಿಂಗೇ ಮುಕ್ಕಾಲು ಗಂಟೆ. ಪಕ್ಕದಲ್ಲಿ ಒಬ್ರು ಫೋನಲ್ಲಿ ಟಕಟಕ ತೆಗೆದು ಬಜ್ಜಿ ತಿಂತಾ ನನ್ನೇ ನೋಡ್ತಿದ್ರು. ಬೆಳಕು ಓಡ್ತಿರೋ ಕಡೆ ಇದು ಪ್ರಯೋಜನ ಇಲ್ಲ, ದೊಡ್ಡಪ್ಪನ ಚೀಟಿ ಲೆಕ್ಕಾನೇ ವಾಸಿ: ಒಳ್ಳೇ ಬಿಸಿಲಿಗೆ ಎಫ್16, ಶಟರ್ ಸ್ಪೀಡು ಫಿಲ್ಮಿನ ಐಎಸ್‌ಒ ನಂಬರಿನ ಹತ್ರದ್ದು, ಮೋಡ ಬಂದಂಗೆಲ್ಲಾ ತೆರೀತಾ ಹೋಗೋದು. ಮಳೆ ತಡೆಯೋ ಸೀಲಿಂಗೂ ಡಿ40ಗಿಲ್ಲ, ಜೂನಲ್ಲಿ ಮಲೆನಾಡಿಗೆ ಒಯ್ಯೋದಾದ್ರೆ ಪ್ಲಾಸ್ಟಿಕ್ ಕವರ್ ಇಟ್ಕೊಳಿ.

ಲಾಂಗ್ ಎಕ್ಸ್‌ಪೋಶರ್‌ಗೆ, ಅಂದ್ರೆ ಶಟರ್ ಸೆಕೆಂಡುಗಟ್ಟಲೆ ತೆರೆದಿಡೋದಕ್ಕೆ ಒಂದು ಎಚ್ಚರಿಕೆ. ಕರೆಂಟ್ ಹೋದಾಗ ದೇವರ ಮನೆ ದೀಪದ ಬೆಳಕಲ್ಲಿ ತೆಗಿತಿದ್ದೆ, ಡಿ40 10 ಸೆಕೆಂಡ್ ಸಾಕು ಅಂತು. ಫಿಲ್ಮ್ ಅಷ್ಟು ಹೊತ್ತು ಕಮ್ಮಿ ಬೆಳಕು ನೋಡ್ತಾ ನೋಡ್ತಾ ಸುಸ್ತಾಗುತ್ತೆ, ಎಚ್‌ಪಿ5ಗೆ ಇಲ್ಫರ್ಡ್‌ನವ್ರು ಕೊಟ್ಟಿರೋ ಸೂತ್ರದಲ್ಲಿ 10 ಸೆಕೆಂಡ್ ಅಂದ್ರೆ 20 ಸೆಕೆಂಡ್ ಕೊಡ್ಬೇಕು, 4 ಅಂದ್ರೆ 6. ಡಿಜಿಟಲ್‌ಗೆ ಈ ಸುಸ್ತಿಲ್ಲ ಹಂಗಾಗಿ ಅದು ಹೇಳಲ್ಲ.

ಹೊಂದದೇ ಇರೋ ಸಣ್ಣಪುಟ್ಟ ವಿಷಯ ಇನ್ನೂ ಇವೆ. ಯಾಶಿಕಾದ 80 ಎಂಎಂ ಲೆನ್ಸಿನ ಚೌಕ ನೋಟ ಡಿ40 ಜೊತೆ ಬಂದ 18-55 ಲೆನ್ಸಲ್ಲಿ ಸುಮಾರು 22 ಎಂಎಂಗೆ ಸಿಗುತ್ತೆ, ಆದ್ರೆ ಅಲ್ಲಿಗೆ ಝೂಮ್ ಮಾಡಿದ್ರೆ ಎಫ್3.5 ತೆರೆಯಲ್ಲ. ಹಿಂದ್ಗಡೆ ಮಸುಕು ಎಷ್ಟು ಬರುತ್ತೆ ಅನ್ನೋದನ್ನಂತೂ ಇದ್ರಲ್ಲಿ ನೋಡೋಕೆ ಹೋಗ್ಲೇಬೇಡಿ, ಸಣ್ಣ ಸೆನ್ಸರಲ್ಲಿ ಅದು ಬೇರೆ ಲೋಕ. ಚೌಕ ಫ್ರೇಮಿಗೆ ಸ್ಕ್ರೀನಿನ ಎರಡೂ ಕಡೆ ಕರೀ ಇನ್ಸುಲೇಶನ್ ಟೇಪ್ ಅಂಟಿಸಿದೀನಿ, ನೋಡೋಕೆ ಅಸಹ್ಯ, ಕೆಲಸಕ್ಕೆ ಪರವಾಗಿಲ್ಲ. ಯಾಶಿಕಾದಲ್ಲಿ ಎಡ ಬಲ ಉಲ್ಟಾ ಕಾಣುತ್ತೆ, ಡಿ40ಯಲ್ಲಿ ನೇರ, ಒಂದರಿಂದ ಇನ್ನೊಂದಕ್ಕೆ ಹೋದಾಗೆಲ್ಲಾ ಐದು ಸೆಕೆಂಡ್ ತಲೆ ತಿರುಗುತ್ತೆ. ಮತ್ತೆ ಡಿ40 ಹೇಳೋದು ಬೆಳಕಿನ ಸುದ್ದಿ ಮಾತ್ರ, ನಿಮ್ಮ ಹಳೇ ಶಟರ್ ಸುದ್ದಿ ಅಲ್ಲ. ನನ್ನ ಯಾಶಿಕಾದಲ್ಲಿ 1/500 ಅಂತ ಬರೆದಿರೋದು ಅಷ್ಟು ವೇಗಾನೇ ಇಲ್ಲ, ಒಂದು ಸೆಕೆಂಡಿಂದು ಚಳಿಗೆ ಅಂಟ್ಕೊಳುತ್ತೆ, 1/30ರಿಂದ 1/250 ಒಳಗೇ ಆಟ.

ಯಾರಿಗೆ ಬೇಕು ಅಂದ್ರೆ: ಮೀಟರ್ ಸತ್ತಿರೋ ಹಳೇ ಕ್ಯಾಮೆರಾ ಇಟ್ಕೊಂಡು, ಕೂತಿರೋರ ಫೋಟೋ, ಕೋಣೆ ಒಳಗಿನ ಬೆಳಕು, ಫ್ಲಾಶ್ ಇವುಗಳಲ್ಲಿ ಕೆಲಸ ಮಾಡೋರು ಕಣ್ಮುಚ್ಚಿ ತಗೊಳಿ. ರೋಡಲ್ಲಿ, ಜಾತ್ರೇಲಿ ಓಡಾಡ್ಕೊಂಡು ತೆಗೆಯೋರಿಗೆ ಬೇಡ. ಡಿ40ಯೇ ಆಗ್ಬೇಕು ಅಂತಿಲ್ಲ, ಮ್ಯಾನುಯಲ್ ಮೋಡು, ಹಿಸ್ಟೋಗ್ರಾಮು ಇದ್ದು ಐಎಸ್‌ಒ 100 ಸಿಗೋ ಬೇರೆ ಹಳೇ ಕ್ಯಾಮೆರಾ ಇದೇ ರೇಟಿಗೆ ಸಿಕ್ಕಿದ್ರೆ ಇನ್ನೂ ಒಳ್ಳೇದು. ನಾನಂತೂ ಐದಕ್ಕೆ ನಾಲ್ಕು ಕೊಡ್ತೀನಿ, ಹೋದ ಒಂದು ಮುಳ್ಳಯ್ಯನಗಿರಿ ಲೆಕ್ಕಕ್ಕೆ.

ಅದೇ ಅಂಗಡೀಲಿ ಲೆನ್ಸಿಲ್ಲದ ಇನ್ನೊಂದು ಬಾಡಿ ಇತ್ತು, ಹೋದ ವಾರ ಕೇಳಿದ್ದಕ್ಕೆ 2,500 ಅಂದ್ರು. ಹೋಗೋರು ನಿಮ್ಮದೇ ಒಂದು ಎಸ್‌ಡಿ ಕಾರ್ಡ್ ಒಯ್ದು ಹತ್ತು ಫೋಟೋ ತೆಗೆದು ನೋಡಿ, ಬ್ಯಾಟರಿ ಮುಚ್ಚಳ ಸರಿಯಾಗಿ ಕೂರುತ್ತಾ ನೋಡಿ, ಫ್ಲಾಶ್ ಮೇಲೇಳುತ್ತಾ ನೋಡಿ. ಭಾನುವಾರ ಬಾಗಿಲು ಹಾಕಿರ್ತಾರೆ.